ಡಬಲ್ ಡಿಲೈಟ್‌ಗೆ ಕೆಂಪು ತರುವುದು ಬೀಟ್‌ರೂಟ್ ರಸವಲ್ಲ, ಬಿಸಿಲು

‘ಡಬಲ್ ಡಿಲೈಟ್ ಗುಲಾಬಿ ಬರೀ ಕೆನೆಬಣ್ಣದಲ್ಲಿ ಅರಳಿದರೆ ತಳಿ ಕೆಟ್ಟಿದೆ ಎಂದರ್ಥ, ಬುಡಕ್ಕೆ ಬೀಟ್‌ರೂಟ್ ರಸ ಹಾಕಿದರೆ ಕೆಂಪಂಚು ಮರಳುತ್ತದೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

1977ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ತಳಿ ‘ಗ್ರನಾಡಾ’ ಮತ್ತು ‘ಗಾರ್ಡನ್ ಪಾರ್ಟಿ’ ಗುಲಾಬಿಗಳ ಸಂಕರ. ಬಿಸಿಲಿನ ಅತಿನೇರಳೆ ಕಿರಣ ಎಸಳಿಗೆ ತಾಗಿದರೇ ಇದರ ಕೆಂಪು ಚೆನ್ನಾಗಿ ಮೂಡುವುದು. ಮೊಗ್ಗು ಬಿರಿಯುವಾಗ ಅಂಚಿನಲ್ಲಷ್ಟೇ ಇರುವ ಕೆಂಪು ದಿನ ಕಳೆದಂತೆ ಒಳಕ್ಕೂ ಹರಡುತ್ತದೆ. ಗಾಜು ಹಾಕಿದ ಬಾಲ್ಕನಿಯಲ್ಲೋ ಮರದ ನೆರಳಲ್ಲೋ ಇಟ್ಟ ಗಿಡದ ಹೂವು ಪೇಲವವಾಗಿರುವುದು ಇದಕ್ಕೇ. ಕುಂಡವನ್ನು ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವಲ್ಲಿಡಿ, ಮುಂದಿನ ಮೊಗ್ಗುಗಳಲ್ಲೇ ವ್ಯತ್ಯಾಸ ಕಾಣುತ್ತದೆ.

ಗುಲಾಬಿಯ ಕೆಂಪಿಗೆ ಕಾರಣ ಆಂಥೋಸಯಾನಿನ್ ಎಂಬ ಬಣ್ಣದ್ರವ್ಯ, ಅದನ್ನು ಎಸಳೇ ತಯಾರಿಸಿಕೊಳ್ಳಬೇಕು. ಬೀಟ್‌ರೂಟಿನದು ಬೇರೆಯೇ ಬಣ್ಣದ್ರವ್ಯ, ಬುಡಕ್ಕೆ ಸುರಿದರೆ ಅದು ಎಸಳಿಗೆ ಬರುವುದಿಲ್ಲ. ಸಕ್ಕರೆ ಅಂಶದ ಆ ರಸ ಮಣ್ಣಲ್ಲಿ ಹುಳಿತು ಇರುವೆ, ಬೂಷ್ಟು ಬರುತ್ತವೆ ಅಷ್ಟೇ.

ಹೂವಿನ ಆಕಾರ, ಎಲೆ ಎಲ್ಲವೂ ಬೇರೆಯಾಗಿದ್ದರೆ ಮಾತ್ರ ಬುಡ ನೋಡಿ. ಅಂಥ ಹೂವಿನ ಕವಲು ಕಸಿಗಂಟಿನ (ಕಸಿ ಕಟ್ಟಿದಲ್ಲಿನ ಉಬ್ಬು) ಕೆಳಗಿನಿಂದ ಹೊರಟಿದ್ದರೆ ಅದು ಬೇರುಗಿಡದ, ಅಂದರೆ ಕಸಿಗೆ ಬೇರಾಗಿ ಬಳಸಿದ ಬೇರೆ ಗುಲಾಬಿಯ ಚಿಗುರು. ಆ ಚಿಗುರನ್ನಷ್ಟೇ ಅದು ಹೊರಟ ಜಾಗದಿಂದಲೇ ಕಿತ್ತುಹಾಕಿ.