ಪೂಜೆಗೆ ಕೂತ ಪೈಪ್ ರೆಂಚು

ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಯಾವ ಟೂಲು ನಡೆಯುತ್ತದೆ ಅನ್ನುವುದು ಮಾತ್ರ ಆಯುಧಪೂಜೆಯ ದಿನ ಗೊತ್ತಾಗಿಬಿಡುತ್ತದೆ. ಮಣೆಯ ಮೇಲೆ ಮೊದಲ ಜಾಗ ಯಾರಿಗೆ ಅಂತ ನೋಡಿದರೆ ಸಾಕು. ನಮ್ಮಲ್ಲಿ ಅದು ಎಂಟಿಂಚಿನ ಕಟಿಂಗ್ ಪ್ಲೇಯರ್‌ಗೆ.

ನ್ಯಾಯವೇ ಬಿಡಿ. ಮೂತಿಯಲ್ಲಿ ಹಿಡಿಯುತ್ತದೆ, ನಡುವಿನ ಹಲ್ಲಿನಲ್ಲಿ ನಟ್ಟು ತಿರುಗಿಸುತ್ತದೆ, ಬುಡದಲ್ಲಿ ತಂತಿ ಕತ್ತರಿಸುತ್ತದೆ. ಮಾಡಿದವರು ಅಂದುಕೊಂಡಿದ್ದು ಇಷ್ಟೇ. ನಮ್ಮ ಮನೆಯಲ್ಲಿ ಅದು ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯುತ್ತದೆ, ಇಕ್ಕಳ ಸಿಗದಾಗ ಬಿಸಿ ಪಾತ್ರೆ ಇಳಿಸುತ್ತದೆ, ಕ್ಯಾಲೆಂಡರಿಗೆ ಮೊಳೆಯನ್ನೂ ಹೊಡೆಯುತ್ತದೆ. ಸುತ್ತಿಗೆ ಇಲ್ಲ ಅಂತಲ್ಲ. ಅದು ಅಡುಗೆಮನೆಯಲ್ಲಿ ತೆಂಗಿನಕಾಯಿ ಒಡೆಯುವ ಡ್ಯೂಟಿಯಲ್ಲಿರುತ್ತದೆ.

ಪಾಪ ಅನಿಸುವುದು ಟೆಸ್ಟರ್ ನೋಡಿದಾಗ. ಅದರೊಳಗೆ ಒಂದು ಪುಟ್ಟ ನಿಯಾನ್ ಬಲ್ಬು, ಜೊತೆಗೆ ಸುಮಾರು 10 ಲಕ್ಷ ಓಮ್‌ನ ರೆಸಿಸ್ಟರ್. ತುದಿಯನ್ನು ಕರೆಂಟಿಗೆ ತಾಗಿಸಿ ತಲೆಯ ಮೇಲೆ ಬೆರಳಿಟ್ಟರೆ, 1 ಮಿಲಿ ಆಂಪಿಯರ್‌ಗಿಂತ ಕಡಿಮೆ ಕರೆಂಟು ನಮ್ಮ ಮೈಯೊಳಗಿಂದಲೇ ಹಾದು ಬಲ್ಬು ಹತ್ತುತ್ತದೆ. ಅಂದರೆ ದೀಪ ಅದರದ್ದು, ವೈರು ನಾವು. ಇಷ್ಟು ನಾಜೂಕಿನ ವಸ್ತುವಿನಿಂದ ನಮ್ಮವರು ಪೇಂಟ್ ಡಬ್ಬ ಮೀಟುತ್ತಾರೆ. ಫ್ರಿಜ್ಜಿನ ಐಸ್ ಕೂಡ ಕುಟ್ಟುತ್ತಾರೆ. ಹಾಗೆ ಕುಟ್ಟುವಾಗ ಒಮ್ಮೆ ಫ್ರೀಜರಿನಿಂದ ಬುಸ್ ಅಂತ ಗ್ಯಾಸ್ ಹೋಯಿತು. ಬಂದ ಮೆಕ್ಯಾನಿಕ್ ತೂತು ನೋಡಿದ, ಪಕ್ಕದಲ್ಲಿದ್ದ ಟೆಸ್ಟರ್ ನೋಡಿದ, ಏನೂ ಕೇಳದೆ ಬಿಲ್ ಬರೆಯಲು ಶುರು ಮಾಡಿದ.

ನನಗೆ ಇವೆಲ್ಲಕ್ಕಿಂತ ಇಷ್ಟ ಪೈಪ್ ರೆಂಚು. 1869ರಲ್ಲಿ ಡೇನಿಯಲ್ ಸ್ಟಿಲ್ಸನ್ ಎಂಬ ಅಮೆರಿಕನ್ ಇದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ಒಂದು ದಿಕ್ಕಿಗೆ ಎಳೆದಷ್ಟೂ ಜಾಸ್ತಿ ಕಚ್ಚುತ್ತದೆ, ಇನ್ನೊಂದು ದಿಕ್ಕಿಗೆ ಸಲೀಸಾಗಿ ಬಿಟ್ಟುಕೊಡುತ್ತದೆ. ಇದನ್ನು ನಮ್ಮ ಮಹಡಿ ಮನೆಯವರು ‘ಐದೇ ನಿಮಿಷ ಸಾರ್’ ಅಂತ ತೆಗೆದುಕೊಂಡು ಹೋದರು. ಆಗ ಮಾವಿನಹಣ್ಣಿನ ಕಾಲ.

ಆಮೇಲೆ ದಸರಾ ಬಂತು. ನಮ್ಮದು ಮೈಸೂರು. ಅತ್ತ ಅರಮನೆಯಲ್ಲಿ ಕತ್ತಿ, ಆನೆ, ಕುದುರೆಗಳಿಗೆ ಪೂಜೆ. ಇತ್ತ ಅಮ್ಮ ನಮ್ಮ ಸಾಮಾನುಗಳಿಗೆಲ್ಲ ಕುಂಕುಮ, ಸೇವಂತಿಗೆ ಇಟ್ಟು ಮಂಗಳಾರತಿ ಮಾಡಿದರು. ಬೂದುಗುಂಬಳ ಒಡೆದಿದ್ದೂ ಆಯಿತು. ಹಬ್ಬಕ್ಕೆ ಬಂದ ನನ್ನ ಭಾವಮೈದುನ ಕೈ ತೊಳೆಯಲು ಹೋದ.

‘ಭಾವ, ನಲ್ಲಿ ತೊಟ್ಟಿಕ್ತಿದೆ. ನೀವು ಯಾರೂ ಸರಿಯಾಗಿ ನಿಲ್ಲಿಸಲ್ಲ.’

ನಲ್ಲಿಯ ವಾಷರ್ ಸವೆದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಒಳಗಿನ ಥ್ರೆಡ್ ಹಾಳಾಗುತ್ತದೆ ಅಷ್ಟೇ. ಅವನು ದಿನಾ ಜಿಮ್ಮಿಗೆ ಹೋಗುವ ಹುಡುಗ. ಕಟಕ್ ಅಂತು. ಆಮೇಲೆ ನಲ್ಲಿಯ ತಲೆ ಎರಡೂ ಕಡೆಗೆ ಆರಾಮಾಗಿ ತಿರುಗತೊಡಗಿತು. ನೀರು ಮಾತ್ರ ಧೋ ಅಂತ ಸುರಿಯುತ್ತಿತ್ತು. ಟ್ಯಾಂಕಿನ ಗೇಟ್‌ವಾಲ್ವ್ ನಿಲ್ಲಿಸೋಣ ಅಂದರೆ, ಮನೆ ಕಟ್ಟಿದಾಗಿನಿಂದ ಯಾರೂ ಮುಟ್ಟದ ಅದು ಅಲ್ಲಾಡಲೇ ಇಲ್ಲ.

ನಾನು ಮಣೆಯತ್ತ ಕೈ ಚಾಚಿದೆ. ಅಮ್ಮ ಅಡ್ಡ ನಿಂತರು.

‘ನಾಳೆ ಬೆಳಗಿನವರೆಗೂ ಮುಟ್ಟೋ ಹಾಗಿಲ್ಲ. ವರ್ಷಕ್ಕೊಂದು ದಿನ ಅವಕ್ಕೂ ರಜ ಬೇಡ್ವಾ?’

ಪ್ಲಂಬರಿಗೆ ಫೋನ್ ಮಾಡಿದೆ. ‘ನನ್ ಸಾಮಾನಿಗೂ ಪೂಜೆ ಆಗೋಯ್ತು ಸಾರ್. ಬೆಳಿಗ್ಗೆ ಫಸ್ಟು ನಿಮ್ಮನೆಗೇ ಬರ್ತೀನಿ’ ಅಂದ.

ಆಗ ತಟ್ಟನೆ ಹೊಳೆಯಿತು. ನನ್ನ ಪೈಪ್ ರೆಂಚು ಈ ಪೂಜೆಯಲ್ಲಿ ಇಲ್ಲವಲ್ಲ! ಅದನ್ನು ಮುಟ್ಟಿದರೆ ಯಾವ ದೇವರ ತಕರಾರೂ ಇರಲಾರದು. ಸಾಲ ಕೊಟ್ಟಿದ್ದಕ್ಕೆ ಮೊದಲ ಸಲ ಖುಷಿಪಟ್ಟು ಮೆಟ್ಟಿಲು ಹತ್ತಿದೆ.

ಮಹಡಿ ಮನೆಯ ಹಾಲಿನಲ್ಲಿ ಊದುಬತ್ತಿ ಘಮಘಮ ಅನ್ನುತ್ತಿತ್ತು. ಲ್ಯಾಪ್‌ಟಾಪು, ಮಿಕ್ಸಿ, ಸ್ಕೂಟರಿನ ಕೀ. ಅವುಗಳ ಮಧ್ಯೆ ಹೂವಿನ ಹಾರ ಹಾಕಿಕೊಂಡು ನನ್ನ ರೆಂಚು. ಕಳೆದುಹೋಗಬಾರದು ಅಂತ ಹಿಡಿಯ ಮೇಲೆ ಬಿಳಿ ಪೇಂಟಿನಲ್ಲಿ ನನ್ನ ಹೆಸರಿನ ಮೊದಲಕ್ಷರ ಬರೆದಿದ್ದೆ. ಸರಿಯಾಗಿ ಅದರ ಮೇಲೆಯೇ ಕುಂಕುಮ ಇಟ್ಟಿದ್ದರು.

‘ಪೂಜೆಗಿಟ್ಟಿದ್ದು ಸಾರ್, ಇವತ್ತು ಕೊಡೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡಿ’ ಅಂದರು ಅವರು. ಕೈಗೆ ಚರಪು ಕೊಟ್ಟರು.

ಕೊನೆಗೆ ಅಮ್ಮನೇ ಹಳೇ ಸೈಕಲ್ ಟ್ಯೂಬ್ ಹುಡುಕಿ ತಂದು ನಲ್ಲಿಯ ಬಾಯಿಗೆ ಬಿಗಿಯಾಗಿ ಕಟ್ಟಿದರು. ಅರ್ಧ ನೀರು ನಿಂತಿತು. ಉಳಿದರ್ಧಕ್ಕೆ ಭಾವಮೈದುನನನ್ನು ಬಕೆಟ್ ಸಮೇತ ಬಚ್ಚಲಲ್ಲಿ ಕೂರಿಸಿದೆವು.

ಬೆಳಿಗ್ಗೆ ಕಾಫಿಗೂ ಮುಂಚೆ ಬಾಗಿಲು ಬಡಿದ ಸದ್ದು. ಮಹಡಿ ಮನೆಯವರು ರೆಂಚು ಹಿಡಿದು ನಿಂತಿದ್ದರು.

‘ತಗೊಳ್ಳಿ ಸಾರ್. ಕೆಲಸ ಆದ ತಕ್ಷಣ ಮರೀದೆ ವಾಪಸ್ ಕೊಟ್ಬಿಡಿ. ಯಾರ್ಯಾರೋ ಕೇಳ್ತಾ ಇರ್ತಾರೆ.’