ಎರ್ಹು ಸರಿ, ಆದರೆ ಶೆಂಗ್ ಕೇಳಿದ್ದೀರಾ?

ಚೀನಾದ ಸಾಂಪ್ರದಾಯಿಕ ವಾದ್ಯಗಳ ಆರ್ಕೆಸ್ಟ್ರಾ ಬಗ್ಗೆ ಮಾತು ಬಂದರೆ ಎಲ್ಲರೂ ಎರ್ಹು ಹತ್ತಿರ ಬಂದು ನಿಂತುಬಿಡುತ್ತಾರೆ. ಎರ್ಹು ಚೆಂದದ ವಾದ್ಯವೇ. ಎರಡೇ ತಂತಿ, ಹೆಬ್ಬಾವಿನ ಚರ್ಮ ಬಿಗಿದ ಪುಟ್ಟ ಮರದ ಬುರುಡೆ, ತಂತಿಗಳ ನಡುವೆ ಸಿಕ್ಕಿಸಿಕೊಂಡೇ ಇರುವ ಕಮಾನು. ರಾಗವನ್ನು ಮುಂದೆ ನಿಂತು ಹೇಳುವುದು ಅದೇ. ಆದರೆ ಇಡೀ ಮೇಳವನ್ನು ಕೂಡಿಸಿ ಹಿಡಿಯುವುದು ಶೆಂಗ್ ಎಂಬ ಬಿದಿರ ಕೊಳವೆಗಳ ಊದುವ ವಾದ್ಯ. ಇದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂತ ಹೇಳ್ತೀನಿ. ವಾದ್ಯಗಳು ಹಳೆಯವು, ಆದರೆ ಇಷ್ಟು ದೊಡ್ಡ ಮೇಳ 20ನೇ ಶತಮಾನದ್ದು. ಅದಕ್ಕೆ ಮುಂಚೆ ಶಾಂಘೈ ಸುತ್ತಮುತ್ತಲಿನ ಚಹಾದಂಗಡಿಗಳಲ್ಲಿ ಕೆಲವೇ ಜನ ಮೇಜಿನ ಸುತ್ತ ಕೂತು ನುಡಿಸುತ್ತಿದ್ದರು. ಧಾಟಿ ಒಂದೇ, ಒಬ್ಬೊಬ್ಬರದು ಒಂದೊಂದು ಕುಸುರಿ. ಪ್ರತಿ ವಾದ್ಯವೂ ಬೇರೆಬೇರೆಯಾಗಿ ಕೇಳಿಸಬೇಕು, ಅದೇ ಅದರ ಸೊಗಸು. 1953ರಲ್ಲಿ ಬೀಜಿಂಗ್‌ನ ರೇಡಿಯೋ ಆರ್ಕೆಸ್ಟ್ರಾ ಶುರುವಾಯಿತು. ಕಮಾನಿನ ವಾದ್ಯ, ಮೀಟುವ ವಾದ್ಯ, ಊದುವ ವಾದ್ಯ, ಬಡಿಯುವ ವಾದ್ಯ ಎಂಬ ನಾಲ್ಕು ವಿಭಾಗಗಳ ಮೇಳವನ್ನು ಅದರ ಕಂಡಕ್ಟರ್ (ಮೇಳವನ್ನು ನಡೆಸುವವರು) ಪೆಂಗ್ ಶಿಯುವೆನ್ ಅಲ್ಲಿ ಕಟ್ಟಿ ಬೆಳೆಸಿದರು.

ಕಷ್ಟ ಶುರುವಾಗಿದ್ದೇ ಇಲ್ಲಿ. ಬೇರೆಬೇರೆಯಾಗಿ ಕೇಳಿಸುವ ವಾದ್ಯಗಳು ಈಗ ಒಂದಾಗಿ ಬೆರೆಯಬೇಕಿತ್ತು. ಪೀಪಾ ಎಂಬ ತಂತಿವಾದ್ಯದ ಮೀಟು ಬೇಗ ಆರಿಹೋಗುತ್ತದೆ. ದೀಝಿ ಎಂಬ ಕೊಳಲಿನ ಒಂದು ರಂಧ್ರದ ಮೇಲೆ ಜೊಂಡಿನ ತೆಳು ಪೊರೆ ಅಂಟಿಸಿರುತ್ತಾರೆ, ಅದು ಝಿಂಯ್ ಎಂದು ಎದ್ದು ಕೇಳಿಸುತ್ತದೆ. ಸುವೋನಾ ಎಂಬ ಊದುವ ವಾದ್ಯ ಅಂತೂ ನಮ್ಮ ಶಹನಾಯಿಯ ಬಂಧು. ಬಯಲಲ್ಲಿ, ಮದುವೆ ಮತ್ತು ಶವದ ಮೆರವಣಿಗೆಯಲ್ಲಿ ಊದುವಂಥದ್ದು. ಪೂರ್ತಿ ಉಸಿರು ಕೊಟ್ಟರೆ ಉಳಿದವರ ದನಿ ಮುಳುಗಿತು ಅಂತಲೇ.

ಇವರೆಲ್ಲರ ನಡುವಿನ ಖಾಲಿ ಜಾಗ ತುಂಬುವುದು ಶೆಂಗ್. ಒಂದು ಬಟ್ಟಲಿನ ಮೇಲೆ ವೃತ್ತವಾಗಿ ನಿಂತ ಬಿದಿರ ಕೊಳವೆಗಳು. ಹಿಂದೆ ಆ ಬಟ್ಟಲಿಗೆ ಸೋರೆಬುರುಡೆ ಬಳಸುತ್ತಿದ್ದರು. ಪ್ರತಿ ಕೊಳವೆಯ ಬುಡದಲ್ಲಿ ಲೋಹದ ಪುಟ್ಟ ರೀಡು, ಅಂದರೆ ಗಾಳಿಗೆ ಕಂಪಿಸುವ ನಾಲಗೆ. ಯಾವ ಕೊಳವೆಯ ರಂಧ್ರ ಮುಚ್ಚುತ್ತೀರೋ ಅದು ನುಡಿಯುತ್ತದೆ. ಉಸಿರು ಬಿಟ್ಟರೂ ಸ್ವರ, ಎಳೆದರೂ ಸ್ವರ. ಹಾಗಾಗಿ ಎಳೆ ಕಡಿಯುವುದಿಲ್ಲ. ನಾಲ್ಕೈದು ಸ್ವರ ಒಟ್ಟಿಗೆ ಬರುತ್ತವೆ, ಮತ್ತು ಆ ದನಿ ಯಾರ ಪಕ್ಕದಲ್ಲಿ ಕೂತರೂ ಹೊಂದಿಕೊಳ್ಳುತ್ತದೆ.

ಹುಬೈ ಪ್ರಾಂತ್ಯದಲ್ಲಿ 1978ರಲ್ಲಿ ಅಗೆದ ಝೆಂಗ್ ರಾಜ್ಯದ ದೊರೆ ಯೀ ಅವರ ಗೋರಿಯಲ್ಲಿ 65 ಕಂಚಿನ ಗಂಟೆಗಳ ಜೊತೆ ಶೆಂಗ್‌ಗಳೂ ಸಿಕ್ಕವು. ಅವು ಕ್ರಿ.ಪೂ. 5ನೇ ಶತಮಾನದವು! 18ನೇ ಶತಮಾನದಲ್ಲಿ ಯುರೋಪಿಗೆ ಹೋದ ಶೆಂಗ್‌ಗಳು ಅಲ್ಲಿನವರಿಗೆ ಇಂಥ ರೀಡಿನ ಮೇಲೆ ಆಸಕ್ತಿ ಹುಟ್ಟಿಸಿದವು. ಆ ದಾರಿಯಲ್ಲೇ ಮುಂದೆ 1840ರ ದಶಕದ ಪ್ಯಾರಿಸ್‌ನಲ್ಲಿ ಹಾರ್ಮೋನಿಯಂ ಬಂತು. ನಮ್ಮ ಕಂಪನಿ ನಾಟಕಗಳ ಪೇಟಿಗೆ ಶೆಂಗ್ ದೂರದ ಅಜ್ಜಿಯೇ ಆಗಬೇಕು, ಅಲ್ವಾ?

ಮೇಳಕ್ಕಾಗಿ ಶೆಂಗ್ ಜಾಸ್ತಿಯೇ ಬದಲಾಗಿದೆ. ಈಗ ಕೀಲಿಗಳಿವೆ, 36 ರೀಡುಗಳಿವೆ, ಕೆಳಸ್ಥಾಯಿಗೆ ದೊಡ್ಡ ಶೆಂಗ್‌ಗಳಿವೆ. ಇದರಿಂದ ಹಳೆಯ ಗುಣ ಹೋಯಿತು ಎಂಬ ದೂರನ್ನು ನಾನು ಒಪ್ಪುವುದಿಲ್ಲ. ದನಿ ಕೇಳಿ, ಅದು ಇವತ್ತಿಗೂ ಶೆಂಗ್‌ನದ್ದೇ.

ಬೇಜಾರಾಗುವುದು ಕೆಳಸ್ಥಾಯಿಯ ತಂತಿಗಳ ವಿಷಯದಲ್ಲಿ. 1950ರ ದಶಕದಲ್ಲೇ ಎರ್ಹು ಜಾತಿಯ ದೊಡ್ಡ ವಾದ್ಯ ಗೆಹು ತಯಾರಾಗಿತ್ತು. ಆದರೂ ಹೆಚ್ಚಿನ ಮೇಳಗಳು ಪಾಶ್ಚಾತ್ಯ ವಾದ್ಯಗಳಾದ ಚೆಲ್ಲೋ, ಡಬಲ್ ಬಾಸ್ ಇಟ್ಟುಕೊಂಡು ಸುಮ್ಮನಾದವು. ಹಾಂಗ್‌ಕಾಂಗ್ ಚೈನೀಸ್ ಆರ್ಕೆಸ್ಟ್ರಾದವರು ಹಾಗೆ ಬಿಡಲಿಲ್ಲ. ಹೆಬ್ಬಾವಿನ ಚರ್ಮದ ಬದಲು ಪ್ಲಾಸ್ಟಿಕ್ ಪೊರೆ ಹಾಕಿ, ಎರ್ಹುವಿನಿಂದ ಗೆಹುವರೆಗೆ ಇಡೀ ಕುಟುಂಬವನ್ನೇ ಹೊಸದಾಗಿ ಮಾಡಿಕೊಂಡರು. ಬೀಜಿಂಗ್, ಸಿಂಗಪುರದ ಮೇಳಗಳೂ ಗೆಹುವಿಗೆ ಇನ್ನೊಂದು ಅವಕಾಶ ಕೊಡಲಿ ಎಂದು ನನಗೆ ತುಂಬಾ ಆಸೆ.