27ನೇ ಸಾಲು

ಅಕ್ಕನ ಗೃಹಪ್ರವೇಶಕ್ಕೆ ಬೆಳ್ಳಿ ಲೋಟ ಕೊಡುವವರು ಹೇಗೂ ಇದ್ದೇ ಇರುತ್ತಾರೆಂದು, ನಾನು ಮಾತ್ರ ಸ್ವಂತ ಕೈಯಿಂದ, ಅಂದರೆ ಸ್ವಂತ ಸ್ಕ್ರಿಪ್ಟಿನಿಂದ, ಜೇನುಗೂಡಿನ ವಿನ್ಯಾಸದ ಲ್ಯಾಂಪ್‌ಶೇಡ್ ಮಾಡಿಕೊಡುತ್ತೇನೆಂದು ಮನೆಯಲ್ಲಿ ಸಾರಿಬಿಟ್ಟೆ. ಸಾರುವುದಕ್ಕೆ ಅರ್ಧ ನಿಮಿಷ ಸಾಕಾಯಿತು. ಮಾಡುವುದಕ್ಕೆ ಮೂರು ಭಾನುವಾರಗಳು ಹೋದವು.

ನಾನು ಬಳಸಿದ್ದು ಓಪನ್‌ಸ್ಕ್ಯಾಡ್ ಎಂಬ, ಬರೆದ ಸ್ಕ್ರಿಪ್ಟಿನಿಂದ 3ಡಿ ಮಾದರಿ ಕಟ್ಟುವ ತಂತ್ರಾಂಶ. ಇಲ್ಲಿ ಮೌಸ್ ಹಿಡಿದು ಚಿತ್ರ ಬಿಡಿಸುವಂತಿಲ್ಲ. ವ್ಯಾಸ ಇಷ್ಟು, ಎತ್ತರ ಇಷ್ಟು, ಗೋಡೆಯ ದಪ್ಪ ಇಷ್ಟು ಎಂದು ಬರೆದುಕೊಟ್ಟರೆ ಅದೇ ಆಕಾರ ಕಟ್ಟುತ್ತದೆ, ಒಂದು ಅಂಕಿ ತಿದ್ದಿದರೆ ಇಡೀ ವಸ್ತು ತಾನಾಗಿ ತಿದ್ದಿಕೊಳ್ಳುತ್ತದೆ. ಷಡ್ಭುಜಕ್ಕೆಂದು ಅದರಲ್ಲಿ ಪ್ರತ್ಯೇಕ ಆದೇಶವಿಲ್ಲ; ವೃತ್ತ ಬರೆದು, ಇದಕ್ಕೆ ಆರೇ ಬದಿ ಎಂದು ಹೇಳಬೇಕು. ಆಗ ನಾವು ಕೊಡುವ ತ್ರಿಜ್ಯ ನಡುವಿನಿಂದ ಮೂಲೆಯವರೆಗಿನ ದೂರವೇ ಹೊರತು ಬದಿಯವರೆಗಿನದಲ್ಲ. ತ್ರಿಜ್ಯ 12 ಮಿ.ಮೀ. ಎಂದರೆ ಮೂಲೆಯಿಂದ ಮೂಲೆಗೆ 24, ಬದಿಯಿಂದ ಬದಿಗೆ 20.78 ಮಾತ್ರ. ಈ ಮೂರು ಚಿಲ್ಲರೆ ಮಿಲಿಮೀಟರ್ ಎಲ್ಲಿ ಸೋರಿಹೋಯಿತೆಂದು ಹುಡುಕುವುದರಲ್ಲೇ ಮೊದಲ ಭಾನುವಾರ ಮುಗಿಯಿತು.

ಆಮೇಲೆ ಈ ಗೂಡುಗಳನ್ನು ಕೊಳವೆಯ ಸುತ್ತ ಹೊದಿಸಬೇಕಿತ್ತು. ಜೇನುಗೂಡಿನಲ್ಲಿ ಒಂದು ನಿಲುವುಸಾಲಿನಿಂದ ಮುಂದಿನದಕ್ಕೆ ಬದಿಯ (ಷಡ್ಭುಜದಲ್ಲಿ ಅದೂ ತ್ರಿಜ್ಯದಷ್ಟೇ, 12) ಒಂದೂವರೆ ಪಟ್ಟು, ಅಂದರೆ 18 ಮಿ.ಮೀ. ಅಂತರ, ಒಂದು ಬಿಟ್ಟು ಒಂದು ಸಾಲು ಅರ್ಧ ಗೂಡಿನಷ್ಟು ಮೇಲಕ್ಕೇರಬೇಕು. ನನ್ನ ಶೇಡಿನ ವ್ಯಾಸ 155, ಸುತ್ತಳತೆ 486.95. ಅದನ್ನು 18ರಿಂದ ಭಾಗಿಸಿದರೆ 27.05! ಇಷ್ಟು ಚೊಕ್ಕಟವಾಗಿ ಕೂರುವ ಲೆಕ್ಕ ಶಾಲೆಯ ಪರೀಕ್ಷೆಯಲ್ಲಿಯೂ ನನಗೆ ಸಿಕ್ಕಿರಲಿಲ್ಲ. 27 ಸಾಲು ಎಂದು ಬರೆದು, ಪರದೆಯ ಮೇಲೆ ಮುಂಭಾಗವನ್ನು ಕಣ್ತುಂಬ ನೋಡಿ, 3ಡಿ ಪ್ರಿಂಟ್ ಮಾಡಿಕೊಡುವ ಪರಿಚಿತರೊಬ್ಬರಿಗೆ ಕಳುಹಿಸಿದೆ. ಮಾದರಿಯನ್ನು ಒಮ್ಮೆ ತಿರುಗಿಸಿ ಬೆನ್ನು ನೋಡಬೇಕೆಂಬ ಬುದ್ಧಿ ಆಗ ಬರಲಿಲ್ಲ.

ಬೆನ್ನು ಕಂಡದ್ದು ಹದಿನಾಲ್ಕು ಗಂಟೆ ಪ್ರಿಂಟ್ ಆಗಿ ಶೇಡು ಕೈಗೆ ಬಂದ ಮೇಲೆ. 27ನೇ ಸಾಲೂ 1ನೇ ಸಾಲೂ ಒಂದೇ ಎತ್ತರದಲ್ಲಿ, ಸಿಟಿ ಬಸ್ಸಿನ ಸೀಟಿಗೆ ಒಟ್ಟಿಗೆ ನುಗ್ಗಿದ ಇಬ್ಬರಂತೆ ಮೊಣಕೈ ಚುಚ್ಚಿಕೊಂಡು ನಿಂತಿದ್ದವು. ಅಕ್ಕಪಕ್ಕದ ರಂಧ್ರಗಳ ಮೂಲೆಗಳು ಒಂದರೊಳಗೊಂದು ಹೊಕ್ಕು ನಡುವಿನ ಗೋಡೆ ಮಾಯವಾಗಿತ್ತು. ಆ ಗೋಡೆಯ ಪ್ಲಾಸ್ಟಿಕ್ಕೆಲ್ಲ ಸೇರಿಕೊಂಡಿತೋ ಎಂಬಂತೆ ಮೇಲೆ ಕೆಳಗೆ ದಪ್ಪ ದಪ್ಪ ವಜ್ರಾಕಾರದ ಗಟ್ಟಿಗಳು ಉಳಿದಿದ್ದವು.

ಅಮ್ಮ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಬಾಗಿಲ ಮುಂದೆ 15 ಚುಕ್ಕಿಯಿಟ್ಟು, ಸಂದು ಚುಕ್ಕಿಯಲ್ಲಿ ಮೇಲಕ್ಕೂ ಕೆಳಕ್ಕೂ 8ಕ್ಕೆ ನಿಲ್ಲಿಸಿ, 169 ಚುಕ್ಕಿಗಳ ಪಕ್ಕಾ ಷಡ್ಭುಜವನ್ನು ಸ್ನಾನ ಮುಗಿಸಿ ಕಾಫಿ ಕುಡಿಯುವುದರೊಳಗೆ ಬಿಡಿಸುವವಳು ಅವಳು. “ಎಷ್ಟು ಸಾಲು ಇಟ್ಟೆಯೋ?” ಎಂದಳು. 27 ಎಂದೆ. “ಮಲ್ಲಿಗೆ ಒಂದು, ಕನಕಾಂಬರ ಒಂದು ಅಂತ 27 ಹೂ ಕಟ್ಟಿ ತುದಿ ಕೂಡಿಸು ನೋಡೋಣ. ಸೇರುವ ಕಡೆ ಎರಡೂ ಮಲ್ಲಿಗೆಯೇ ಬರುತ್ತೆ. ಇದಕ್ಕೆ ಕಂಪ್ಯೂಟರ್ ಬೇರೆ!”

ಅಂದು ರಾತ್ರಿ ಸ್ಕ್ರಿಪ್ಟಿಗೆ ಒಂದೇ ಒಂದು ಸಾಲು ಸೇರಿಸಿದೆ: ಬಂದ ಸಂಖ್ಯೆಯನ್ನು ಅರ್ಧ ಮಾಡಿ, ಪೂರ್ಣಾಂಕಕ್ಕೆ ತಂದು, ಮತ್ತೆ ಇಮ್ಮಡಿಸು. 27.05 ಹೋಗಿ 28 ಬಂತು, ಬದಿ 11.59ಕ್ಕೆ ಇಳಿಯಿತು, ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ನನಗೇ ಗುರುತು ಸಿಗದಂತೆ ಸುತ್ತು ಕೂಡಿಕೊಂಡಿತು.

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಮೇಲೊಂದು ಗುಮ್ಮಟವೂ ಇರಲಿ ಎಂಬ ಆಸೆ ಹುಟ್ಟಿ, ಅದೇ ಗೂಡುಗಳನ್ನು ಅರ್ಧಗೋಳದ ಮೇಲೆ ಹತ್ತಿಸಹೊರಟೆ. ನೆತ್ತಿ ಹತ್ತಿರವಾದಂತೆ ಅವು ಕುಗ್ಗಿ, ಸೊಟ್ಟಗಾಗಿ, ಕೊನೆಗೆ ಸುಕ್ಕಿದ ಗಸಗಸೆಯಂತಾದವು. ತಪ್ಪು ಈ ಸಲ ನನ್ನದಲ್ಲ, ಗಣಿತಜ್ಞ ಆಯ್ಲರನ ಸೂತ್ರದ್ದು: ಮೂಲೆಗೆ ಮೂರರಂತೆ ಷಡ್ಭುಜಗಳನ್ನಷ್ಟೇ ಜೋಡಿಸಿ ಗೋಳವನ್ನು ಮುಚ್ಚಲಾಗದು, ನಡುವೆ ಪಂಚಭುಜಗಳನ್ನು ಸೇರಿಸುವುದಾದರೆ ಅವು ಸರಿಯಾಗಿ 12 ಇರಲೇಬೇಕು. 1970ರ ಫುಟ್‌ಬಾಲ್ ವಿಶ್ವಕಪ್ಪಿನ ಕಾಲದಿಂದ ಹೆಸರಾದ ಆ ಕಪ್ಪು ಬಿಳುಪಿನ ಚೆಂಡಿನಲ್ಲಿ 20 ಬಿಳಿ ಷಡ್ಭುಜಗಳ ನಡುವೆ 12 ಕಪ್ಪು ಪಂಚಭುಜಗಳಿರುವುದು ಅದಕ್ಕೇ. ಅಂಥದೊಂದು ಚೆಂಡು ಎಷ್ಟೋ ವರ್ಷಗಳಿಂದ ನಮ್ಮ ಮಂಚದ ಕೆಳಗೆ ಬಿದ್ದಿದೆ. ಗುಮ್ಮಟದ ಆಸೆಯನ್ನು ಅದರ ಪಕ್ಕಕ್ಕೇ ಸರಿಸಿದೆ.

28 ಸಾಲಿನದು ಅಕ್ಕನ ಮನೆಗೆ ಹೋಯಿತು. 27ರದನ್ನು ಎಸೆಯಲು ಮನಸ್ಸಾಗದೆ, ಕೆಟ್ಟ ಭಾಗವನ್ನು ಗೋಡೆಗೆ ತಿರುಗಿಸಿ ನಮ್ಮ ಹಜಾರದ ಮೂಲೆಯಲ್ಲಿಟ್ಟೆ. ಸಂಜೆ ದೀಪ ಹಾಕಿದಾಗಲೇ ಇದರ ಪರಿಣಾಮ ಹೊಳೆದದ್ದು: ಗೋಡೆಗೆ ತಿರುಗಿಸಿದ ಭಾಗದ ಬೆಳಕು ಗೋಡೆಯ ಮೇಲೆಯೇ ಬೀಳುತ್ತದೆ, ಅದೂ ನಾಲ್ಕು ಪಟ್ಟು ದೊಡ್ಡದಾಗಿ.

ಮುಂದಿನ ವಾರ ಬಂದ ಅಕ್ಕ ಶೇಡಿನತ್ತ ಕಣ್ಣು ಹಾಯಿಸದೆ ಗೋಡೆಯನ್ನೇ ನೋಡುತ್ತ ನಿಂತಳು. “ಎಷ್ಟು ಚೆನ್ನಾಗಿದೆಯೋ, ಚಿಟ್ಟೆಗಳು ಸಾಲಾಗಿ ಮೇಲಕ್ಕೆ ಹೊರಟ ಹಾಗೆ! ನನಗೆ ಕೊಟ್ಟಿದ್ದರಲ್ಲಿ ಬರೀ ಜೇನುಗೂಡು. ಚಿಟ್ಟೆ ಹಾಕಿದರೆ ಖರ್ಚು ಜಾಸ್ತಿ ಆಗುತ್ತಿತ್ತಾ?”